ಪರದೆಯ ಒತ್ತೆಯಾಳುಗಳು, ಪಾಮನಕಲ್ಲೂರಿನ ಧರಣಿ

ಶಾರುಖ್ ಖಾನ್ 2025ರಲ್ಲಿ ರಾಷ್ಟ್ರೀಯ ಪ್ರಶಸ್ತಿಗೆ ಪಾತ್ರರಾದದ್ದು 2023ರ ಸೆಪ್ಟೆಂಬರ್ 7ರಂದು ತೆರೆಕಂಡ 'ಜವಾನ್' ಹಿಂದಿ ಚಿತ್ರಕ್ಕಾಗಿ. ಗಲ್ಲಿಗೇರಿದ ತಾಯಿ, ನೆನಪನ್ನೇ ಕಳೆದುಕೊಂಡ ತಂದೆ, ಸೆರೆಮನೆಯಲ್ಲಿ ಹುಟ್ಟಿ ಅದೇ ಸೆರೆಮನೆಯ ಅಧಿಕಾರಿಯಾದ ಮಗ. ಈ ಮಗ ಮಹಿಳಾ ಕೈದಿಗಳ ತಂಡ ಕಟ್ಟಿ ಮುಂಬೈಯ ಮೆಟ್ರೊ ರೈಲನ್ನು ಅಪಹರಿಸುತ್ತಾನೆ, ಪ್ರಯಾಣಿಕರನ್ನು ಒತ್ತೆಯಿಟ್ಟುಕೊಂಡು ರೈತರ ಸಾಲವನ್ನು ತೀರಿಸುತ್ತಾನೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಯುವಕರಿಗೆ ಈ ಕಥೆ ಯಾಕೆ ಹಿಡಿಸಿತು ಎಂದು ಕೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದೆ ಭತ್ತ ಒಣಗುವುದನ್ನು, ಗೊಬ್ಬರದಂಗಡಿಯ ಉದ್ರಿ ಬೆಳೆಯುವುದನ್ನು, ಟ್ರ್ಯಾಕ್ಟರಿನ ಕಂತು ತಪ್ಪಿದವನ ಮನೆಯ ಮುಂದೆ ವಸೂಲಿಗಾರರು ನಿಲ್ಲುವುದನ್ನು ಅವರು ಪರದೆಯ ಮೇಲೆ ನೋಡಿ ತಿಳಿಯಬೇಕಿಲ್ಲ. ಐಷಾರಾಮಿ ಕಾರಿನ ಸಾಲಕ್ಕಿಂತ ಟ್ರ್ಯಾಕ್ಟರಿನ ಸಾಲಕ್ಕೆ ಬಡ್ಡಿ ಹೆಚ್ಚೇಕೆ ಎಂದು ನಾಯಕ ಕೇಳುವಾಗ ಚಪ್ಪಾಳೆ ಬೀಳುವುದು ಸಹಜ.

ಆಮ್ಲಜನಕವಿಲ್ಲದೆ ಮಕ್ಕಳು ಸಾಯುವ, ಅವರನ್ನುಳಿಸಲು ಓಡಾಡಿದ ವೈದ್ಯೆಯೇ ಜೈಲಿಗೆ ಹೋಗುವ ದೃಶ್ಯಗಳೂ ಇದರಲ್ಲಿವೆ. 2017ರ ಆಗಸ್ಟ್‌ನಲ್ಲಿ ಗೋರಖ್‌ಪುರದ ಬಿಆರ್‌ಡಿ ವೈದ್ಯಕೀಯ ಕಾಲೇಜಿನಲ್ಲಿ ನಡೆದದ್ದನ್ನೂ, ಆ ಬಳಿಕ ಬಂಧಿತರಾಗಿ 2018ರ ಏಪ್ರಿಲ್‌ನಲ್ಲಷ್ಟೇ ಹೈಕೋರ್ಟಿನಿಂದ ಜಾಮೀನು ಪಡೆದ ಡಾ. ಕಫೀಲ್ ಖಾನರನ್ನೂ ನೆನೆಯದೆ ಅವನ್ನು ನೋಡುವುದು ಕಷ್ಟ. ಅಷ್ಟು ದೂರವೇಕೆ? 2021ರ ಮೇ 2ರ ರಾತ್ರಿ ನಮ್ಮದೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯಿಂದ ಸಾವುಗಳು ಸಂಭವಿಸಿವೆ ಎಂಬುದನ್ನು ಹೊರಗೆಳೆದದ್ದು ಬಂದೂಕು ಹಿಡಿದ ನಾಯಕನಲ್ಲ, ಹೈಕೋರ್ಟ್ ಮಧ್ಯಪ್ರವೇಶದಿಂದ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ.

ಆದುದರಿಂದ ಚಿತ್ರವೆತ್ತಿದ ಪ್ರಶ್ನೆಗಳ ಜೊತೆ ನಮಗೆ ಜಗಳವಿಲ್ಲ. ಅದು ತೋರುವ ದಾರಿಯ ಬಗ್ಗೆ ಮಾತ್ರ ನಮ್ಮ ಆಕ್ಷೇಪ. ಕಾನೂನನ್ನು ಕೈಗೆತ್ತಿಕೊಂಡವನು ನ್ಯಾಯವಂತನೇ ಆಗಿರುತ್ತಾನೆ ಎಂಬ ಭರವಸೆಯನ್ನು ಚಿತ್ರಕಥೆಗಾರ ಕೊಡಬಲ್ಲ. ಹೆದ್ದಾರಿಯಲ್ಲಿ ಅದನ್ನು ಯಾರು ಕೊಡುತ್ತಾರೆ? 2023ರ ಮಾರ್ಚ್ ಕೊನೆಯ ರಾತ್ರಿ ಸಾತನೂರಿನ ಬಳಿ ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ತಡೆದವರೂ ತಮ್ಮನ್ನು ರಕ್ಷಕರೆಂದೇ ಕರೆದುಕೊಂಡರು. ಮರುದಿನ ಸಿಕ್ಕಿದ್ದು ವಾಹನದಲ್ಲಿದ್ದವರೊಬ್ಬರ ಶವ. ಪಾರ್ಕಿನಲ್ಲಿ, ಬಸ್ಸಿನಲ್ಲಿ ಹುಡುಗ-ಹುಡುಗಿಯರ ಹೆಸರು ಕೇಳಿ ಥಳಿಸುವವರ ಮನಸ್ಸಿನಲ್ಲೂ ಒಬ್ಬ ನಾಯಕ ಕೂತಿರುತ್ತಾನೆ. ತೀರ್ಪು ನೀಡಿ ಶಿಕ್ಷೆ ಜಾರಿಗೊಳಿಸುವ ಅಧಿಕಾರವನ್ನು ಇಸ್ಲಾಮೀ ನ್ಯಾಯಶಾಸ್ತ್ರವು ನೊಂದವನ ಕೈಗೂ ಬಿಡದೆ ನ್ಯಾಯಾಧಿಕಾರಕ್ಕೆ ಒಪ್ಪಿಸಿದ್ದು ಸುಮ್ಮನೆಯಲ್ಲ. ಇಂಥ ಸ್ವಯಂಘೋಷಿತ ನ್ಯಾಯದ ಏಟು ಮೊದಲು ಬೀಳುವುದು ಯಾರ ಬೆನ್ನ ಮೇಲೆ ಎಂಬುದು ನಮ್ಮ ಮನೆಗಳಿಗೆ ಗೊತ್ತಿರುವಾಗ, ಅದಕ್ಕೆ ನಾವೇ ಸಿಳ್ಳೆ ಹೊಡೆಯುವುದು ವಿಚಿತ್ರವಲ್ಲವೇ?

ಅಷ್ಟೆಲ್ಲ ಹೊಡೆದಾಟದ ಬಳಿಕ ನಾಯಕನೇ ಕೊನೆಗೆ ಜನರ ಕಡೆ ತಿರುಗಿ, ಓಟು ಕೇಳಲು ಬಂದವನನ್ನು ಪ್ರಶ್ನಿಸಿರಿ ಎನ್ನುತ್ತಾನೆ. ಮಸ್ಕಿಗೆ ಇದು ಹೊಸ ಪಾಠವಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು, ತಿಂಗಳುಗಟ್ಟಲೆ ಕೂತರು, ಯಾರನ್ನೂ ಒತ್ತೆಯಿಟ್ಟುಕೊಳ್ಳಲಿಲ್ಲ. ಪಕ್ಷಾಂತರದ ಫಲವಾಗಿ 2021ರ ಏಪ್ರಿಲ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ, 2018ರಲ್ಲಿ ಕೇವಲ 213 ಮತಗಳಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರನ್ನು ಮತದಾರರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. (ಗೆದ್ದ ಬಸನಗೌಡ ತುರ್ವಿಹಾಳರೂ ಪಕ್ಷ ಬದಲಿಸಿಯೇ ಬಂದವರು, ಅದು ಬೇರೆ ಮಾತು.)

ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆಗಳು ಖಾಲಿಯಿವೆ, ಆಮ್ಲಜನಕ ಘಟಕ ಸುಸ್ಥಿತಿಯಲ್ಲಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಲು ಹತ್ತು ರೂಪಾಯಿ ಶುಲ್ಕ ಸಾಕು. ಉತ್ತರಿಸಲು ಅಧಿಕಾರಿಗಿರುವ ಅವಧಿ 30 ದಿನ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಯುವಕರು ಈ ವಾರವೇ ಒಂದೊಂದು ಅರ್ಜಿ ಬರೆಯಲಿ.