ನಿಷೇಧ ತಟ್ಟೆಗಷ್ಟೇ ಸಾಕೆ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಹಾಗೂ ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೊಳಪಟ್ಟ ಗೋಬಿಯ 171 ಮಾದರಿಗಳ ಪೈಕಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಜೂನ್‌ನಲ್ಲಿ ನಿಷೇಧ ಕಬಾಬ್‌ಗೂ ವಿಸ್ತರಿಸಿತು. ಕ್ರಮ ಸ್ವಾಗತಾರ್ಹ, ಆದರೆ ಅದು ಹಿಡಿದಿರುವುದು ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ.

ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಬಳಸುವ ಕೈಗಾರಿಕಾ ಬಣ್ಣ. ಯಾವ ಆಹಾರದಲ್ಲೂ ಅದಕ್ಕೆ ಅನುಮತಿಯಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊಗಳಿಗೆ ಸಿಹಿತಿಂಡಿಯಂತಹ ಕೆಲವು ಪದಾರ್ಥಗಳಲ್ಲಿ ಮಿತ ಪ್ರಮಾಣದ ಅನುಮತಿಯಿದೆ. ಕಾನೂನುಬದ್ಧವಾಗಿಯೇ ಮಾರಾಟವಾಗುವ ಈ ಪುಡಿ ಕೊನೆಗೆ ಯಾವ ಬಾಣಲೆ ಸೇರುತ್ತದೆಂದು ಕಾಯುವವರಾರು?

ರೋಡಮೈನ್-ಬಿ ಬಗ್ಗೆ ಪ್ರಾಣಿಗಳ ಮೇಲಿನ ಪ್ರಯೋಗಗಳು ಕ್ಯಾನ್ಸರ್‌ನ ಶಂಕೆ ಮೂಡಿಸಿವೆ. ಮನುಷ್ಯರ ವಿಷಯದಲ್ಲಿ ಪುರಾವೆ ಸಾಲದು. ಪುರಾವೆಯ ಕೊರತೆ ಅಭಯಪತ್ರವಲ್ಲ. ಹತ್ತಾರು ಕಡೆ ಉಂಡವನು ರೋಗ ಬಂದಾಗ ಯಾವ ತಟ್ಟೆಯತ್ತ ಬೆರಳು ತೋರಿಯಾನು? ವ್ಯಾಪಾರಿಯ ಲಾಭ ಅಂದೇ ಕೈಸೇರುತ್ತದೆ. ದೇಹ ತೆರುವ ಬೆಲೆ ಯಾರ ಲೆಕ್ಕಪುಸ್ತಕದಲ್ಲೂ ದಾಖಲಾಗದು. ಇಂತಹ ನಷ್ಟವನ್ನು ಮಾರುಕಟ್ಟೆ ತಾನಾಗಿ ಸರಿಪಡಿಸುವುದಿಲ್ಲ. ಅಲ್ಲಿ ಸರ್ಕಾರದ ಹೊಣೆ ಆರಂಭವಾಗುತ್ತದೆ.

ಆದ್ದರಿಂದ ತಪಾಸಣೆ ತಳ್ಳುಗಾಡಿಗಿಂತ ಮೊದಲು ಸಗಟು ಮಳಿಗೆಯಲ್ಲಿ ನಡೆಯಲಿ. ಕೈಗಾರಿಕಾ ಬಣ್ಣ ಕೊಂಡವರಾರು, ಯಾವ ಉದ್ದೇಶಕ್ಕೆಂಬ ದಾಖಲೆ ಕಡ್ಡಾಯವಾಗಲಿ. ಬಣ್ಣ ಮಾಸಿದ ತಿನಿಸನ್ನು ದೂರ ಸರಿಸುವ ಗ್ರಾಹಕರೂ ಯೋಚಿಸಬೇಕು. ಕೆಂಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಜನ ಬಟ್ಟೆಯ ಬಣ್ಣ ತಿನ್ನುವಂತಾದುದು ವಿಷಾದಕರ.