ಷಟಲ್ ಆಡಿದರೆ ಕೈ ಕೆಡುವುದೇ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂಬತ್ತು ವರ್ಷದ ಮಗನೊಡನೆ ಮನೆಗೆ ಬಂದಿದ್ದ. ಮಗನನ್ನು ಟೆನಿಸ್ ತರಬೇತಿಗೆ ಸೇರಿಸಿದ್ದಾನಂತೆ. "ಮೇಷ್ಟ್ರೇ, ಇನ್ನು ಷಟಲ್, ಖೋ ಖೋ ಎಲ್ಲ ಬಂದ್. ಕೈ ಕೆಟ್ಟುಹೋಗುತ್ತೆ ಅಂತ ಕೋಚ್ ಹೇಳಿದ್ದಾರೆ" ಎಂದ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಆ ತಗ್ಗಿದ ತಲೆಯೇ ಈ ಬರಹಕ್ಕೆ ಕಾರಣ.

ಕೋಚ್ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಷಟಲ್‌ನಲ್ಲಿ ಮಣಿಕಟ್ಟು ಚುರುಕಾಗಿ ತಿರುಗಬೇಕು. ಟೆನಿಸ್‌ನಲ್ಲಿ ಚೆಂಡು ತಾಗುವಾಗ ಅದು ಸ್ಥಿರವಾಗಿರಬೇಕು. ಒಂದರ ರೂಢಿ ಇನ್ನೊಂದಕ್ಕೆ ಮೊದಮೊದಲು ತೊಡಕಾಗುವುದುಂಟು. ಆದರೆ ತೊಡಕು ಹೊಡೆತಕ್ಕೆ ಮಾತ್ರ, ಇಡೀ ಆಟಕ್ಕಲ್ಲ. ಹಾರಿ ಬರುವುದನ್ನು ಅಳೆಯುವ ಕಣ್ಣು, ಎದುರಾಳಿಯ ಮೈ ನೋಡಿ ದಿಕ್ಕು ಊಹಿಸುವ ಬುದ್ಧಿ, ಥಟ್ಟನೆ ತಿರುಗುವ ಕಾಲು ಎಲ್ಲ ಆಟಗಳಿಗೂ ಬೇಕು. ಒಂದು ಹೊಡೆತಕ್ಕಾಗಿ ಇವೆಲ್ಲವನ್ನೂ ನಿಷೇಧಿಸುವುದು ನೆಗಡಿಗಾಗಿ ಮೂಗು ಕೊಯ್ದಂತೆ.

ನೀರಿನ ಲೋಟದಲ್ಲಿಟ್ಟ ಪೆನ್ಸಿಲ್ ಮುರಿದಂತೆ ಕಾಣುವುದನ್ನು ನಿಮಗೆಲ್ಲ ತೋರಿಸಿದ್ದೆನಲ್ಲ, ನೆನಪಿದೆಯೇ? ಅಮೆರಿಕದ ಚಾರ್ಲ್ಸ್ ಜಡ್ 1908ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಗರು ನೀರಿನಡಿಯ ಗುರಿಗೆ ಡಾರ್ಟ್ ಎಸೆದರು. ಒಂದು ಗುಂಪಿಗೆ ಬೆಳಕಿನ ವಕ್ರೀಭವನವನ್ನು ಮೊದಲೇ ವಿವರಿಸಲಾಗಿತ್ತು. ಗುರಿ 12 ಅಂಗುಲ ಆಳದಲ್ಲಿದ್ದಾಗ ಎರಡೂ ಗುಂಪುಗಳು ಸರಿಸಮ. ಆಳವನ್ನು 4 ಅಂಗುಲಕ್ಕೆ ಇಳಿಸಿದಾಗ ತತ್ತ್ವ ತಿಳಿದವರು ಬೇಗ ಹೊಂದಿಕೊಂಡರು, ಉಳಿದವರು ತಡವರಿಸಿದರು. ಅಂದರೆ, ಒಂದು ಕಲಿಕೆ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ, ದಾಟಿಸುವವರು ಬೇಕು. "ಅಲ್ಲಿ ಮಣಿಕಟ್ಟು ತಿರುಗಿಸು, ಇಲ್ಲಿ ಬಿಗಿಹಿಡಿ, ಏಕೆಂದರೆ..." ಎಂದು ಬಿಡಿಸಿ ಹೇಳುವುದು ಗುರುವಿನ ಕೆಲಸ. ಹೇಳಲು ಬೇಸರಪಟ್ಟು ಆಟವನ್ನೇ ಬಿಡಿಸುವುದು ಸೋಮಾರಿತನ.

ಆಸ್ಟ್ರೇಲಿಯದ ಆಶ್ಲೀ ಬಾರ್ಟಿ 2014ರಲ್ಲಿ ಟೆನಿಸ್ ತೊರೆದು, 2015-16ರಲ್ಲಿ ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು. 2016ರಲ್ಲಿ ಮರಳಿ ಬಂದು 2019ರ ಫ್ರೆಂಚ್, 2021ರ ವಿಂಬಲ್ಡನ್, 2022ರ ಆಸ್ಟ್ರೇಲಿಯನ್ ಕಿರೀಟಗಳನ್ನು ಗೆದ್ದರು. ಕ್ರಿಕೆಟ್ಟೇ ಗೆಲ್ಲಿಸಿತೆಂದು ನಾನು ವಾದಿಸುವುದಿಲ್ಲ. ಆದರೆ ಬ್ಯಾಟು ಹಿಡಿದ ಕೈ ಕೆಡಲಿಲ್ಲವಷ್ಟೆ!

ಈ ತಪ್ಪನ್ನು ನಾನೂ ಮಾಡಿದ್ದೇನೆ. ಜಿಲ್ಲಾ ಮಟ್ಟದ ಪದಕದ ಆಸೆಯಿಂದ, ಖೋ ಖೋದಲ್ಲಿ ಮಿಂಚುತ್ತಿದ್ದ ಹುಡುಗಿಯೊಬ್ಬಳನ್ನು ಉದ್ದಜಿಗಿತಕ್ಕೆ ಮಾತ್ರ ಕಟ್ಟಿಹಾಕಿದೆ. ವರ್ಷ ತುಂಬುವುದರೊಳಗೆ ಅವಳು ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿದಳು. ಪದಕವೂ ಬರಲಿಲ್ಲ. ಓದುತ್ತಿದ್ದರೆ, ಮಗಳೇ, ಕ್ಷಮಿಸು.

ಮಕ್ಕಳನ್ನು ಬೆಳಸುತ್ತಿರುವ ನನ್ನ ಶಿಷ್ಯರಲ್ಲಿ ಒಂದೇ ವಿನಂತಿ. ಒಂಬತ್ತರ ಹರೆಯದ ಮಗುವಿಗೆ ಟೆನಿಸ್ ಕಲಿಸಿ, ಸಂತೋಷ. ಆದರೆ ಸಂಜೆ ಗೆಳೆಯರು ಖೋ ಖೋಗೆ ಕರೆದಾಗ ಬಾಗಿಲು ಹಾಕಬೇಡಿ. ಕೈಗೆ ಕಲಿತದ್ದನ್ನು ತಿದ್ದಿಕೊಳ್ಳಲು ಬರುತ್ತದೆ. ಬತ್ತಿದ ಉತ್ಸಾಹವನ್ನು ಮತ್ತೆ ತುಂಬುವ ವಿದ್ಯೆ ನನಗಂತೂ ಕೊನೆಯವರೆಗೂ ಸಿದ್ಧಿಸಲಿಲ್ಲ.