ಕೆಮ್ಮಿನ ಹನಿಯೂ ಮನೆಯ ಗಾಳಿಯೂ

ಕೆಮ್ಮುವವರಿಂದ ಆರು ಅಡಿ ದೂರವಿದ್ದರೆ ಸಾಕೆಂಬ ಮಾತು 2020ನೆಯ ಇಸವಿಯ ಕೋವಿಡ್ ಮಾರಿಯ ಕಾಲದಲ್ಲಿ ಎಲ್ಲರಿಗೂ ಬಾಯಿಪಾಠವಾಯಿತಷ್ಟೆ. ಅದು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ವಿಲಿಯಂ ವೆಲ್ಸ್ ಎಂಬವರು 1934ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಬಾಯಿಂದ ಹೊರಟ ಹನಿಯು ದಪ್ಪದ್ದಾದರೆ ಆರುವ ಮೊದಲೇ ನೆಲಕ್ಕೆ ಬೀಳುವುದು. ಸಣ್ಣದಾದರೆ ಬೀಳುವ ಮೊದಲೇ ಆರಿ, ಒಳಗಿನ ರೋಗಾಣುವು ಧೂಳಿನ ಕಣದಂತೆ ತೇಲುತ್ತ ಉಳಿಯುವುದು. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಹನಿಗೆ ಆಳೆತ್ತರದಿಂದ ನೆಲ ಸೇರಲು ಐದಾರು ಸೆಕೆಂಡು ಸಾಕು. ಅದರಲ್ಲಿಯೂ ಹತ್ತನೆಯ ಒಂದು ಪಾಲಿನ ಹನಿಗೆ, ಆರದೆ ಉಳಿದರೂ, ಸುಮಾರು ಹತ್ತು ನಿಮಿಷ ಬೇಕು. ಇದು ನಿಶ್ಚಲವಾದ ಗಾಳಿಯ ಲೆಕ್ಕ.

ಮನೆಯ ಗಾಳಿ ನಿಶ್ಚಲವೆಲ್ಲಿಯದು? ಕೆಮ್ಮೇ ಒಂದು ಪುಟ್ಟ ಬಿರುಗಾಳಿ. ಹನಿಗಳು ಬೀಸಿ ಎಸೆದ ಕಲ್ಲಿನಂತೆ ಒಂಟೊಂಟಿಯಾಗಿ ಹೋಗದೆ, ಬೆಚ್ಚಗಿನ ತೇವದ ಉಸಿರಿನ ಮೋಡವನ್ನೇರಿ ಹೋಗುತ್ತವೆ. ಹಸಿ ಸೌದೆಯ ಹೊಗೆ ಸುರುಳಿಸುರುಳಿಯಾಗಿ ಏಳುವುದನ್ನು ಕಂಡ ಗೃಹಿಣಿಯರಿಗೆ ಈ ಮೋಡವನ್ನು ಬೇರೆ ವರ್ಣಿಸಬೇಕಾಗಿಲ್ಲ. ದೊಡ್ಡ ಸುಳಿಯೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ದಪ್ಪ ಹನಿಯು ತನ್ನ ಭಾರದಿಂದ ಸುಳಿಯ ತಿರುವಿಗೆ ಬಗ್ಗದೆ ಹೊರಗೆ ಸಿಡಿಯುವುದು; ಸಣ್ಣದು ಸುಳಿಯೊಡನೆಯೇ ತಿರುಗುತ್ತ, ಇನ್ನೇನು ಇಳಿಯಿತೆನ್ನುವಷ್ಟರಲ್ಲಿ ಮತ್ತೆ ಮೇಲಕ್ಕೇರುವುದು. ಮೋಡದ ತೇವವು ಅದನ್ನು ಬೇಗನೆ ಆರಗೊಡದು. ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಲಿಡಿಯಾ ಬುರುಯಿಬಾ ಎಂಬ ವಿದುಷಿಯು ಅತಿವೇಗದ ಕ್ಯಾಮರಾಗಳಿಂದ ಇದನ್ನು ಚಿತ್ರಿಸಿ, ಸೀನಿನ ಮೋಡವು 7-8 ಮೀಟರು, ಅಂದರೆ 23ರಿಂದ 27 ಅಡಿ, ಸಾಗಬಲ್ಲುದೆಂದು 2020ರಲ್ಲಿ ಬರೆದರು.

ಕೆಮ್ಮು ಸೀನುಗಳೇ ಬೇಕೆಂದಿಲ್ಲ. ಹಾಡಿದರೂ ಸಣ್ಣ ಹನಿಗಳು ಹೊರಡುತ್ತವೆ. ಅದೇ ವರ್ಷದ ಮಾರ್ಚ್ 10ರ ಸಂಜೆ, ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಗಿಟ್ ಪ್ರಾಂತದಲ್ಲಿ 61 ಮಂದಿ ಸಮೂಹಗಾನದ ಅಭ್ಯಾಸಕ್ಕಾಗಿ ಎರಡೂವರೆ ಗಂಟೆ ಕೂಡಿದ್ದರು. ಅವರಲ್ಲಿ ಒಬ್ಬರಿಗೆ ರೋಗವಿತ್ತು. ಅನಂತರ ಎಣಿಸಲಾಗಿ ಖಚಿತವಾದವರೂ ಶಂಕಿತರೂ ಸೇರಿ ರೋಗಿಗಳು 53 ಮಂದಿ, ಇಬ್ಬರು ತೀರಿಕೊಂಡರು. ಅಷ್ಟು ಜನರೂ ಒಬ್ಬರ ಪಕ್ಕದಲ್ಲಿಯೇ ಕುಳಿತಿರಲು ಶಕ್ಯವೇ?

ಆದುದರಿಂದ ಆರು ಅಡಿಯು ದಪ್ಪ ಹನಿಗೆ ಮದ್ದು. ಸಣ್ಣ ಹನಿಗೆ ಮದ್ದು ಕಿಟಕಿಯೇ. ಶೀತವಾದೀತೆಂದು ರೋಗಿಯ ಕೋಣೆಯ ಕಿಟಕಿಗಳನ್ನು ಬಿಗಿಯುವ ಪದ್ಧತಿಯನ್ನು ನಾವು ಸುತರಾಂ ಒಪ್ಪೆವು. ಮನೆಯ ಹಿರಿಯರನ್ನು ಒಪ್ಪಿಸುವುದು ಕಷ್ಟವೆಂಬುದನ್ನು ಮಾತ್ರ ಬಲ್ಲೆವು. ಮುಚ್ಚಿದ ಕೋಣೆಯಲ್ಲಿ ತಿರುಗುವ ಬೀಸಣಿಗೆಯು ಹನಿಗಳನ್ನು ಮೂಲೆಮೂಲೆಗೂ ಹಂಚುವುದೇ ಹೊರತು ಹೊರಗಟ್ಟದು. ಎದುರುಬದುರಾಗಿ ಎರಡು ಕಿಟಕಿಗಳಿದ್ದರೆ ಎರಡನ್ನೂ ತೆರೆದಿಡಿರಿ. ಒಂದೇ ಇದ್ದರೆ ಬಾಗಿಲನ್ನು ಕೊಂಚ ತೆರೆದು, ಮೇಜಿನ ಬೀಸಣಿಗೆಯನ್ನು ಕಿಟಕಿಯ ಬಳಿ ಹೊರಮುಖವಾಗಿ ಇರಿಸಿರಿ.